ತೊಡಕೆಲ್ಲ ಮೊತ್ತದ ಅಂಚಿನಲ್ಲಿ: ಮಾಡ್ಯುಲರ್ ರೂಪಗಳ ಸಹಗುಣಕಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಮಾಡ್ಯುಲರ್ ರೂಪದ (ಮೇಲರ್ಧ ಸಮತಲದಲ್ಲಿ ವಿಶೇಷ ಸಮಮಿತಿ ಇರುವ ಫಂಕ್ಷನ್) ಸಹಗುಣಕಗಳನ್ನು ಒಂದು ಮಿತಿಯವರೆಗೆ ಕೂಡಿದರೆ ಮೊತ್ತ ಎಷ್ಟು ದೊಡ್ಡದಾಗಬಹುದು? ಆದ್ದರಿಂದ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಸೂತ್ರಗಳಲ್ಲಿ ಕನ್ನಡ ಅಕ್ಷರಗಳನ್ನೇ ಬಳಸಿದ್ದೇವೆ. ನ ಎಂದರೆ ಧನ ಪೂರ್ಣಾಂಕ, ಪ ಎಂದರೆ ಅವಿಭಾಜ್ಯ ಸಂಖ್ಯೆ, ಕ್ಷ ಎಂದರೆ ಮೊತ್ತ ನಿಲ್ಲುವ ಜಾಗ. ಟೌ(ನ) ಎಂಬುದು ರಾಮಾನುಜನ್ ಅವರ ಟೌ. ಕ್ಯೂ × (1−ಕ್ಯೂ)^24 × (1−ಕ್ಯೂ^2)^24 × (1−ಕ್ಯೂ^3)^24 × … ಎಂಬ ಗುಣಲಬ್ಧವನ್ನು ಬಿಡಿಸಿ ಬರೆದಾಗ ಕ್ಯೂ^ನ ಜೊತೆಗೆ ಬರುವ ಸಂಖ್ಯೆ ಅದು. ಈ ಗುಣಲಬ್ಧವೇ ತೂಕ 12ರ ಕಸ್ಪ್ ರೂಪ (ಸ್ಥಿರ ಪದವಿಲ್ಲದ ಮಾಡ್ಯುಲರ್ ರೂಪ), ಡೆಲ್ಟಾ. ಬಿಂದುವನ್ನು −1/ಬಿಂದು ಮಾಡಿದಾಗ ಹೊರಬರುವ ಬಿಂದುವಿನ ಘಾತವೇ ತೂಕ. ಇಲ್ಲಿ ಹೇಳುವುದೆಲ್ಲ ಡೆಲ್ಟಾವನ್ನು ಮುಂದಿಟ್ಟುಕೊಂಡೇ. ಬೇರೆ ತೂಕಕ್ಕೆ 12ರ ಜಾಗದಲ್ಲಿ ಆ ತೂಕವನ್ನು (11ರ ಜಾಗದಲ್ಲಿ ತೂಕ−1, 6ರ ಜಾಗದಲ್ಲಿ ತೂಕ/2) ಹಾಕಿಕೊಂಡರೆ ಸಾಕು.

ಪ್ರಶ್ನೆ: ಟೌ ಬೆಲೆಗಳನ್ನು ಕೂಡುತ್ತ ಹೋದರೆ ಮೊತ್ತ ಒಮ್ಮೆ ಲಕ್ಷಗಳಿಗೆ ಏರುತ್ತದೆ, ಮುಂದಿನ ಹೆಜ್ಜೆಗೇ ಕುಸಿಯುತ್ತದೆ. ಇದನ್ನು ಅಳೆಯುವ ಸರಿಯಾದ ಕೋಲು ಯಾವುದು?

ಉತ್ತರ: ಮೊದಲ ಹನ್ನೆರಡು ಬೆಲೆಗಳು ಇವು: 1, −24, 252, −1472, 4830, −6048, −16744, 84480, −113643, −115920, 534612, −370944. ಹನ್ನೊಂದರವರೆಗಿನ ಮೊತ್ತ 3,70,324. ಹನ್ನೆರಡನೆಯದನ್ನು ಸೇರಿಸಿದ ಕೂಡಲೇ −620. ಚಿಹ್ನೆ ಬಿಟ್ಟು ಕೂಡಿದ್ದರೆ 12,48,970 ಬರುತ್ತಿತ್ತು. ಇದನ್ನು ಕಂಡು ಬೆರಗಾಗಬೇಕಿಲ್ಲ, 12ರಲ್ಲಿ ಹಾಗೆ ಕೂಡಿಬಂದಿದೆ ಅಷ್ಟೇ. ಟೌ(ನ) ಸುಮಾರು ನ^(11/2) ವೇಗದಲ್ಲಿ ಬೆಳೆಯುವುದರಿಂದ ಹಸಿ ಮೊತ್ತದಲ್ಲಿ ಕೊನೆಯ ಎರಡು ಮೂರು ಪದಗಳದ್ದೇ ದರ್ಬಾರು.

ಹಾಗಾಗಿ ಮೊದಲು ಆ ಬೆಳವಣಿಗೆಯನ್ನು ಭಾಗಿಸಿ ತೆಗೆಯಬೇಕು: ಲ(ನ) = ಟೌ(ನ) ÷ ನ^(11/2). ಆಗ ಬೆಲೆಗಳು 1, −0.530, 0.599, −0.719, 0.691, −0.318, −0.377, 0.912, −0.642, −0.367, 1.001, −0.430. ಇವುಗಳ ಮೊತ್ತವನ್ನು ಮೊ(ಕ್ಷ) ಎನ್ನೋಣ. ಅದು ಹೆಜ್ಜೆಹೆಜ್ಜೆಗೂ 1.00, 0.47, 1.07, 0.35, 1.04, 0.72, 0.35, 1.26, 0.62, 0.25, 1.25, 0.82 ಎಂದು ಸಾಗುತ್ತದೆ. ಈಗ ಚಿತ್ರ ಸ್ಪಷ್ಟವಾಯಿತು. ಹನ್ನೆರಡು ಪದಗಳ ವರ್ಗಗಳನ್ನು ಕೂಡಿದರೆ 5.44, ಪದಗಳನ್ನೇ ಕೂಡಿದರೆ ಒಂದರ ಆಸುಪಾಸಿನಲ್ಲೇ ಸುಳಿದಾಟ.

1916ರಲ್ಲಿ ರಾಮಾನುಜನ್ ಊಹಿಸಿದ್ದು ಮೂರು ವಿಷಯ. ಸಾಮಾನ್ಯ ಭಾಜಕವಿಲ್ಲದ ಎರಡು ಸಂಖ್ಯೆಗಳಿಗೆ ಟೌ ಗುಣಾಕಾರವನ್ನು ಪಾಲಿಸುತ್ತದೆ ಎಂಬುದು ಒಂದು, ಅವಿಭಾಜ್ಯದ ಘಾತಗಳ ಟೌ ಬೆಲೆಗಳನ್ನು ಟೌ(ಪ)ದಿಂದಲೇ ಪಡೆಯಬಹುದು ಎಂಬುದು ಎರಡನೆಯದು. ಮೊರ್ಡೆಲ್ 1917ರಲ್ಲೇ ಇವೆರಡನ್ನೂ ಸಾಧಿಸಿದರು. |ಲ(ಪ)| ≤ 2 ಎಂಬ ಮೂರನೇ ಊಹೆ 1974ರಲ್ಲಿ ಡೆಲೀನ್ ಅವರ ಕೈಯಲ್ಲಿ ಪ್ರಮೇಯವಾಯಿತು. ಇವೆಲ್ಲ ಸೇರಿದರೆ |ಲ(ನ)| ಎಂದಿಗೂ ನ ಸಂಖ್ಯೆಯ ಭಾಜಕಗಳ ಎಣಿಕೆಯನ್ನು ಮೀರುವುದಿಲ್ಲ.

ಮೊ(ಕ್ಷ) ಬಗ್ಗೆ ಈಗ ಗೊತ್ತಿರುವ ಮೇಲ್ಮಿತಿಯಲ್ಲಿ ಕ್ಷದ ಘಾತ 1/3. ನಿಜ ಇರಬೇಕೆಂದು ಎಲ್ಲರೂ ನಂಬಿರುವುದು 1/4 (ಎಪ್ಸಿಲಾನ್ ಎಂಬ ಎಷ್ಟು ಬೇಕಾದರೂ ಚಿಕ್ಕ ಧನ ಸಂಖ್ಯೆ ಸೇರಿಸಿ). ನಂಬಿಕೆಗೆ ಆಧಾರವೂ ಇದೆ: ಮೊ(ಕ್ಷ)ದ ವರ್ಗವನ್ನು 1ರಿಂದ ಒಂದು ದೊಡ್ಡ ಸಂಖ್ಯೆಯವರೆಗೆ ಅನುಕಲಿಸಿದರೆ ಆ ಸಂಖ್ಯೆಯ 3/2ನೇ ಘಾತದಷ್ಟೇ ಬರುತ್ತದೆ. ಅಂದರೆ ಸರಾಸರಿಯಲ್ಲಿ ಮೊ(ಕ್ಷ) ಎನ್ನುವುದು ಕ್ಷ^(1/4) ಗಾತ್ರದ್ದು. ಅದಕ್ಕಿಂತ ಕೆಳಗೆ ಯಾರೂ ಇಳಿಸಲಾರರು. ಪ್ರತಿ ಕ್ಷಗೂ ಹಾಗೆಯೇ ಇದೆ ಎಂದು ತೋರಿಸುವುದು ಮಾತ್ರ ಇನ್ನೂ ಬಾಕಿ.

ಪ್ರಶ್ನೆ: ಡೆಲೀನ್ ಪ್ರಮೇಯದಂಥ ಭಾರೀ ಆಯುಧ ಇಲ್ಲದೆ, ಕೈಯಲ್ಲೇ ಮಾಡಬಹುದಾದ ಸಾಧನೆ ಯಾವುದಾದರೂ ಇದೆಯೇ?

ಉತ್ತರ: ಇದೆ. ಕ್ಷ^(1/2) × ಲಾಗ್ ಕ್ಷ ಎಂಬ ಮಿತಿ ಒಂದು ಪುಟದಲ್ಲಿ ಮುಗಿಯುತ್ತದೆ. ಡೆಲ್ಟಾದ ಒಂದು ಗುಣ ಮಾತ್ರ ಬೇಕು. (ಕ್ಯೂ = ಇ^(2ಪೈ ಐ × ಬಿಂದು) ಎಂದಿಟ್ಟರೆ ಡೆಲ್ಟಾ ಮೇಲರ್ಧ ಸಮತಲದ ಫಂಕ್ಷನ್ ಆಗುತ್ತದೆ.) ಮೇಲರ್ಧ ಸಮತಲದಲ್ಲಿ ಎತ್ತರ ಎ ಇರುವ ಬಿಂದುವಿನಲ್ಲಿ |ಡೆಲ್ಟಾ| × ಎ^6 ಒಂದು ಸ್ಥಿರಾಂಕವನ್ನು ಮೀರುವುದಿಲ್ಲ, ಏಕೆಂದರೆ ಆ ಗುಣಲಬ್ಧ ಮಾಡ್ಯುಲರ್ ಗುಂಪಿನ ಕ್ರಿಯೆಗೆ ಬದಲಾಗುವುದಿಲ್ಲ, ಕಸ್ಪ್‌ನ ಕಡೆ, ಅಂದರೆ ಎತ್ತರ ಅನಂತದತ್ತ ಹೋದಂತೆ ಸೊನ್ನೆಯಾಗುತ್ತದೆ.

ಎತ್ತರ ಎ = 1/ಕ್ಷ ಇಟ್ಟುಕೊಳ್ಳಿ. ಟೌ(ನ) ಎಂಬುದು ಆ ಎತ್ತರದಲ್ಲಿ ಡೆಲ್ಟಾದ ಫೂರಿಯೆ ಅನುಕಲ. ನ = 1ರಿಂದ ಕ್ಷವರೆಗೆ ಕೂಡುವುದನ್ನು ಅನುಕಲದ ಒಳಗೆ ತಂದರೆ ಅಲ್ಲಿ ಒಂದು ಗುಣೋತ್ತರ ಶ್ರೇಢಿ ಸಿಗುತ್ತದೆ. ಅಡ್ಡ ದೂರ ಉ ಆದಾಗ ಆ ಶ್ರೇಢಿಯ ಗಾತ್ರ ಕ್ಷ ಮತ್ತು 1/|ಉ| ಇವೆರಡರಲ್ಲಿ ಚಿಕ್ಕದನ್ನು ಮೀರುವುದಿಲ್ಲ, ಒಂದು ಸ್ಥಿರಾಂಕ ಬಿಟ್ಟರೆ. ಆ ಸ್ಥಿರಾಂಕದಲ್ಲಿ ಇ^(2ಪೈ), ಅಂದರೆ ಸುಮಾರು 535 ಕೂತಿರುತ್ತದೆ. ಸಂಖ್ಯಾತ್ಮಕ ಮಿತಿ ಬೇಕಾದವರು ಇದನ್ನು ಮರೆಯಬಾರದು. ಉ ಮೇಲೆ ಅನುಕಲಿಸಿದರೆ ಲಾಗ್ ಕ್ಷ, ಡೆಲ್ಟಾದಿಂದ ಕ್ಷ^6. ಒಟ್ಟು ಕ್ಷ^6 × ಲಾಗ್ ಕ್ಷ. ಭಾಗಶಃ ಸಂಕಲನ ಬಳಸಿ ಕ್ಷ^(11/2) ತೆಗೆದರೆ ಮೇಲಿನ ಮಿತಿ ಬಂತು.

ಈ ಸಾಧನೆಯ ನಿಜವಾದ ಬೆಲೆ ಬೇರೆಲ್ಲೋ ಇದೆ. ಪ್ರತಿ ಪದವನ್ನೂ ಇ^(2ಪೈ ಐ ನ ಆಲ್ಫಾ) ಎಂಬ ತಿರುಗುವ ಸಂಖ್ಯೆಯಿಂದ ಗುಣಿಸಿದರೂ ಇದೇ ಲೆಕ್ಕ, ಇದೇ ಮಿತಿ, ಆಲ್ಫಾ ಯಾವುದಾದರೂ ಆಗಿರಲಿ. ಕೇವಲ ಉ ಆಲ್ಫಾದಷ್ಟು ಜರುಗುತ್ತದೆ. ವಿಲ್ಟನ್ 1929ರಲ್ಲಿ ಇದನ್ನು ಕೊಟ್ಟರು, ಯುಟಿಲಾ 1987ರಲ್ಲಿ ಲಾಗ್ ಅನ್ನೂ ಕಳಚಿದರು. ಎಲ್ಲ ಆಲ್ಫಾಗಳಿಗೂ ಒಟ್ಟಾಗಿ ನೋಡಿದರೆ ಘಾತ 1/2ರಿಂದ ಕೆಳಗೆ ಇಳಿಯಲಾಗದು. ಆಲ್ಫಾ ಮೇಲಿನ ವರ್ಗ ಸರಾಸರಿಯೇ ಅಷ್ಟಿದೆ.

ಪ್ರಶ್ನೆ: 1/3 ಎಂಬ ಘಾತ ಎಲ್ಲಿಂದ ಬರುತ್ತದೆ? ಪೆರೊನ್ ಸೂತ್ರ (ಮೊತ್ತವನ್ನು ಸಂಕೀರ್ಣ ಅನುಕಲವಾಗಿಸುವ ಸೂತ್ರ) ಹಾಕಿ, ಕಾಂಟೂರ್ ಅನ್ನು (ಅನುಕಲದ ದಾರಿಯನ್ನು) ಎಡಕ್ಕೆ ಸರಿಸಿ ನೋಡಿದೆ. ಎಷ್ಟು ಮಾಡಿದರೂ 1/2ರಲ್ಲೇ ನಿಲ್ಲುತ್ತದೆ.

ಉತ್ತರ: ನಿಂತಿದ್ದು ಸಹಜ. ಎಡವಿದ ಜಾಗವೂ ಗೊತ್ತಾಗುತ್ತದೆ. ಪೆರೊನ್ ಅನುಕಲವನ್ನು ಎತ್ತರ ಟವರೆಗೆ ಕತ್ತರಿಸಿದರೆ ತಪ್ಪು ಕ್ಷ/ಟ ಗಾತ್ರದ್ದು (ಎಪ್ಸಿಲಾನ್ ಬಿಟ್ಟು). ಎಲ್-ಫಂಕ್ಷನ್‌ಗೆ (ಲ(ನ) ÷ ನ^ಶ ಇವುಗಳ ಮೊತ್ತ, ಶ ಸಂಕೀರ್ಣ ಸಂಖ್ಯೆ) ಧ್ರುವ, ಅಂದರೆ ಅನಂತವಾಗುವ ಬಿಂದು ಇಲ್ಲ, ಆದ್ದರಿಂದ ರೇಖೆಯನ್ನು ನೈಜ ಭಾಗ ಸೊನ್ನೆಗಿಂತ ತುಸು ಎಡಕ್ಕೆ ತರಬಹುದು. ಅಲ್ಲಿ ಫಂಕ್ಷನಲ್ ಸಮೀಕರಣದ (ಶ ಮತ್ತು 1−ಶ ಬೆಲೆಗಳನ್ನು ಜೋಡಿಸುವ ಸೂತ್ರ) ಗಾಮಾ ಅಂಶ ಎತ್ತರದಷ್ಟೇ ದೊಡ್ಡದು. ಪೆರೊನ್ ಅನುಕಲದ ಛೇದದಲ್ಲಿರುವ ಶ ಅದನ್ನು ಸರಿದೂಗಿಸುತ್ತದೆ. ಇಲ್ಲಿಗೆ ಬಂದು ನಿರಪೇಕ್ಷ ಬೆಲೆ ಹಾಕಿಬಿಟ್ಟರೆ ಅನುಕಲ ಟ ಗಾತ್ರ. ಕ್ಷ/ಟ = ಟ ಮಾಡಿದರೆ ಕ್ಷ^(1/2). ನೀವು ಕಂಡದ್ದು ಇದನ್ನೇ.

ತಪ್ಪಿರುವುದು ನಿರಪೇಕ್ಷ ಬೆಲೆಯಲ್ಲಿ. ಗಾಮಾ ಅಂಶ ಬರೀ ದೊಡ್ಡದಲ್ಲ, ಅದು ತಿರುಗುತ್ತಲೂ ಇದೆ. ಮೊದಲು ಎಲ್-ಫಂಕ್ಷನ್ ಅನ್ನು ಬಲಬದಿಗೆ ಪ್ರತಿಫಲಿಸಿ ಶ್ರೇಣಿಯಾಗಿ ಬಿಡಿಸಿ, ನ ಸಂಖ್ಯೆಯ ಒಂದೊಂದೇ ಬೆಲೆಗೆ ಅನುಕಲ ಮಾಡಿ. ಕೋನದ ಎರಡನೇ ಅವಕಲನ 1/ಟ ಗಾತ್ರದ್ದು, ಹಾಗಾಗಿ ಸ್ಟೇಷನರಿ ಫೇಸ್ ವಿಧಾನದಲ್ಲಿ (ಕೋನ ಕ್ಷಣಕಾಲ ನಿಲ್ಲುವ ಬಿಂದುವಿನ ಆಸುಪಾಸನ್ನು ಮಾತ್ರ ಎಣಿಸುವ ವಿಧಾನ) ಪ್ರತಿ ಪದಕ್ಕೆ ಟ ಅಲ್ಲ, √ಟ ಮಾತ್ರ ಸಿಗುತ್ತದೆ. ಈಗ ಕ್ಷ/ಟ = √ಟ. ಟ = ಕ್ಷ^(2/3), ಉತ್ತರ ಕ್ಷ^(1/3). ಇಡೀ ವ್ಯತ್ಯಾಸ ಆ ಒಂದು ವರ್ಗಮೂಲದ್ದು.

ಇದನ್ನೇ ವೊರೊನೊಯ್ ಸೂತ್ರದಿಂದ ಮಾಡುವುದು ನಮಗೆ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಖರ್ಚು ಎಲ್ಲಿ ಆಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೊತ್ತವನ್ನು ಕ್ಷದಲ್ಲಿ ಚಾಕುವಿನಿಂದ ಕತ್ತರಿಸಬೇಡಿ. ಕ್ಷವರೆಗೆ 1 ಇದ್ದು, ಕ್ಷದಿಂದ ಕ್ಷ+ಯವರೆಗೆ ನಯವಾಗಿ ಸೊನ್ನೆಗೆ ಇಳಿಯುವ ಜಿ ಎಂಬ ಫಂಕ್ಷನ್‌ನಿಂದ ಗುಣಿಸಿ. ವೊರೊನೊಯ್ ಸೂತ್ರ ಹೇಳುವುದಿಷ್ಟು: ಲ(ನ) × ಜಿ(ನ) ಇವುಗಳ ಮೊತ್ತವು, 2ಪೈ × ಲ(ನ) × [ಜಿ(ತ) × ಬೆಸೆಲ್₁₁(4ಪೈ√(ನ·ತ)) ಇದರ ಅನುಕಲ] ಇವುಗಳ ಮೊತ್ತಕ್ಕೆ ಸಮ. ಬೆಸೆಲ್₁₁ ಎಂಬುದು ಅಲೆಯಂತೆ ಏರಿಳಿಯುತ್ತ ಕ್ಷೀಣಿಸುವ ಒಂದು ಫಂಕ್ಷನ್. ತೂಕ 12 ಆದ್ದರಿಂದ ಮುಂದಿನ ಚಿಹ್ನೆ ಪ್ಲಸ್. ತೂಕವನ್ನು 4ರಿಂದ ಭಾಗಿಸಿದಾಗ 2 ಉಳಿದರೆ ಮೈನಸ್. ಎಡಗಡೆಯ ಉದ್ದ ಮೊತ್ತ ಬಲಗಡೆ ಚಿಕ್ಕ ಮೊತ್ತವಾಗುತ್ತದೆ. ಭಾಗಶಃ ಅನುಕಲನವನ್ನು ಹಲವು ಸಲ ಮಾಡಿದರೆ ನ > ಕ್ಷ/ಯ^2 ಆದ ಪದಗಳು ಉದುರಿಹೋಗುತ್ತವೆ. ಈ ಉಳಿದ ಉದ್ದವನ್ನು ಮ ಎನ್ನೋಣ.

ಉಳಿದ ಪದಗಳ ಗಾತ್ರ ಕ್ಷ^(1/4) × |ಲ(ನ)| × ನ^(−3/4). ಮವರೆಗೆ ಕೂಡಿದರೆ ಕ್ಷ^(1/4) × ಮ^(1/4) = ಕ್ಷ^(1/2) ÷ ಯ^(1/2). ಇದು ಒಂದು ಕಡೆಯ ಖರ್ಚು. ಇನ್ನೊಂದು ಕಡೆ, ಅಂಚಿನಲ್ಲಿ ನಾವೇ ಸೇರಿಸಿಕೊಂಡ ಯ ಪದಗಳು. ಡೆಲೀನ್ ಮಿತಿಯಿಂದ ಅವು ಯ × ಲಾಗ್ ಕ್ಷ ದಾಟುವುದಿಲ್ಲ. ಎರಡನ್ನೂ ಸಮ ಮಾಡಿ: ಯ = ಕ್ಷ^(1/3). ಮ ಕೂಡ ಕ್ಷ^(1/3)ಕ್ಕೇ ಬಂದು ನಿಂತಿತು, ಗಮನಿಸಿ.

ಅಂಚಿನ ಲಾಗ್ ತೆಗೆಯುವುದು ಮುಂದಿನ ಕುಸುರಿ. ಚಿಕ್ಕ ಅಂತರದಲ್ಲಿ |ಲ(ನ)| ಸರಾಸರಿ ಸ್ಥಿರಾಂಕವನ್ನು ಮೀರದು ಎಂದು ಶಿಯು ಪ್ರಮೇಯದಿಂದ (ಗುಣಾಕಾರ ಪಾಲಿಸುವ ಫಂಕ್ಷನ್‌ಗಳಿಗೆ ಚಿಕ್ಕ ಅಂತರದಲ್ಲಿ ಮೇಲ್ಮಿತಿ ಕೊಡುವ ಪ್ರಮೇಯ) ತೋರಿಸಿದರೆ ಬರೀ ಕ್ಷ^(1/3) ಉಳಿಯುತ್ತದೆ. ಹಾಫ್ನರ್ ಮತ್ತು ಇವಿಚ್ 1989ರಲ್ಲಿ ಕೊಟ್ಟ ಫಲಿತಾಂಶ ಇದು. ಅದಕ್ಕಿಂತ ಮುಂದೆ ಲಾಗ್‌ನ ಋಣ ಘಾತವನ್ನೂ ಗಳಿಸಬಹುದು, ಏಕೆಂದರೆ |ಲ(ನ)| ಸರಾಸರಿ ನಿಧಾನವಾಗಿ ಸೊನ್ನೆಗೆ ಇಳಿಯುತ್ತದೆ. 2011ರಲ್ಲಿ ಸಾಧಿತವಾದ ಸಾತೊ–ಟೇಟ್ ಪ್ರಮೇಯದ (ಲ(ಪ) ಬೆಲೆಗಳು ಹೇಗೆ ಹರಡಿವೆ ಎಂದು ಹೇಳುವ) ಪ್ರಕಾರ ಅವಿಭಾಜ್ಯಗಳ ಮೇಲೆ |ಲ(ಪ)| ಸರಾಸರಿ 8/(3ಪೈ), ಅಂದರೆ 0.849. ಒಂದಕ್ಕಿಂತ ಕಡಿಮೆ ಇರುವ ಆ 0.151 ಲಾಗ್‌ನ ಘಾತವಾಗಿ ಹೊರಬರುತ್ತದೆ.

ಡೆಲೀನ್ ಬೇಡವೆನ್ನುವವರಿಗೆ ಒಂದು ಮಾತು: ಅಂಚಿನ ಪದಗಳಿಗೆ ಕೋಶಿ–ಶ್ವಾರ್ಟ್ಸ್ ಹಾಕಿ, ವರ್ಗಗಳಿಗೆ ರಾಂಕಿನ್ ಅವರ ಕ್ಷ^(3/5) ತಪ್ಪನ್ನು (ಮುಂದೆ ಒಂದು ಪ್ರಶ್ನೆಯಲ್ಲಿ ಬರುತ್ತದೆ) ಬಳಸಿದರೆ ಅಂಚಿನ ಖರ್ಚು ಯ^(1/2) × ಕ್ಷ^(3/10). ಸಮತೂಕ ಯ = ಕ್ಷ^(1/5)ರಲ್ಲಿ, ಉತ್ತರ ಕ್ಷ^(2/5). ಬೀಜಗಣಿತೀಯ ರೇಖಾಗಣಿತವನ್ನು ಮುಟ್ಟದೆ ಇಷ್ಟು ಸಿಗುವುದು ಕಡಿಮೆಯೇನಲ್ಲ.

ಪ್ರಶ್ನೆ: ಭಾಜಕಗಳ ಎಣಿಕೆಯ ಮೊತ್ತದಲ್ಲಿ ತಪ್ಪಿನ ಘಾತ 1/3 ಎಂದೋ ಮುರಿದಿದೆ, ಹಕ್ಸ್ಲಿ 131/416ರವರೆಗೆ ಇಳಿಸಿದ್ದಾರೆ. ವೊರೊನೊಯ್ ಸೂತ್ರ ಎರಡಕ್ಕೂ ಒಂದೇ ತೆರ. ಟೌ ಮಾತ್ರ ಏಕೆ ಮೊಂಡು?

ಉತ್ತರ: ಪ್ರಶ್ನೆ ಸೊಗಸಾಗಿದೆ. ವೊರೊನೊಯ್ ನಂತರ ಉಳಿಯುವ ಮೊತ್ತದಲ್ಲಿ ಪದಗಳ ನಿರಪೇಕ್ಷ ಬೆಲೆ ತೆಗೆದುಕೊಂಡೆವಲ್ಲ, ಅಲ್ಲಿ ಇನ್ನೂ ಉಳಿತಾಯಕ್ಕೆ ಜಾಗವಿದೆ. ಪದಗಳ ಜೊತೆ 4ಪೈ√(ನ·ಕ್ಷ) ಎಂಬ ಕೋನ ಇದೆ, ಅದರಿಂದ ಇನ್ನಷ್ಟು ಹೊಡೆದುಹೋಗಬೇಕು. ಭಾಜಕಗಳ ವಿಷಯದಲ್ಲಿ ನ ಎರಡು ಪೂರ್ಣಾಂಕಗಳ ಗುಣಲಬ್ಧವಾಗಿ ಬಿಚ್ಚಿಕೊಳ್ಳುತ್ತದೆ. ಒಂದನ್ನು ಹಿಡಿದು ಇನ್ನೊಂದರ ಮೇಲೆ ಕೂಡಬಹುದು. ಅಲ್ಲಿ ಸಹಗುಣಕವೇ ಇಲ್ಲ, ಶುದ್ಧ ಘಾತೀಯ ಮೊತ್ತ. ವಾನ್ ಡೆರ್ ಕೊರ್ಪುಟ್ ವಿಧಾನದಿಂದ ಹಿಡಿದು ಹಕ್ಸ್ಲಿ ಅವರ 2003ರ ಕೆಲಸದವರೆಗಿನ ಎಲ್ಲ ಸಲಕರಣೆಯೂ ಹತ್ತುತ್ತದೆ.

ಲ(ನ) ಹಾಗೆ ಬಿಚ್ಚುವುದಿಲ್ಲ. ಅದರ ಜೊತೆಗಿನ ಘಾತೀಯ ಮೊತ್ತಕ್ಕೆ ವೈಲ್ ಮಟ್ಟದ ಮಿತಿ ಎಂದರೆ, ಉದ್ದ ಮ ಮತ್ತು ಕೋನದ ಗಾತ್ರ ಟ ಆದಾಗ, ಮ^(1/2) × ಟ^(1/3). ಇದು ಉದ್ದ ಮ ಗಿಂತ ಚಿಕ್ಕದಾಗಲು ಟ < ಮ^(3/2) ಇರಬೇಕು. ನಮ್ಮಲ್ಲಿ ಮ = ಕ್ಷ^(1/3), ಟ = √(ಮ·ಕ್ಷ) = ಕ್ಷ^(2/3) = ಮ^2. ಬೇಲಿಯ ಆಚೆಗೆ ನಿಂತಿದ್ದೇವೆ! ಹೊಲೊವಿನ್ಸ್ಕಿ, ಮುನ್ಷಿ, ಛೀ ಮೂವರೂ ಸೇರಿ ಈ 3/2ರ ಬೇಲಿಯನ್ನು ಕೆಲವು ಬಗೆಯ ಕೋನಗಳಿಗೆ 1.636ರವರೆಗೆ ಸರಿಸಿದ್ದಾರೆ. 2ರವರೆಗೆ ಹೋಗಲು ಇನ್ನೂ ದೂರವಿದೆ.

ಪ್ರಶ್ನೆ: ವೊರೊನೊಯ್ ಸೂತ್ರದ ಕೊಸೈನ್ ರೂಪವನ್ನು ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿದೆ. ಕ್ಷ = 12.5ಕ್ಕೆ ಐದು ಪದ ಹಾಕಿದರೆ ಉತ್ತರ ಹತ್ತಿರವೂ ಬರುವುದಿಲ್ಲ.

ಉತ್ತರ: ಬರಬಾರದು ಕೂಡ. ಟೌ ಮೊತ್ತವನ್ನು ಕ್ಷ^(11/2)ದಿಂದ ಭಾಗಿಸಿದರೆ, ಪ್ರಧಾನ ಭಾಗ (1/(ಪೈ√2)) × ಕ್ಷ^(1/4) × [ಲ(ನ) ನ^(−3/4) ಕೊಸ್(4ಪೈ√(ನ·ಕ್ಷ) − ಪೈ/4) ಇವುಗಳ ಮೊತ್ತ]. 12.5 ಹಾಕಿ ಐದು ಪದ ಕೂಡಿದರೆ 0.399 − 0.094 + 0.080 − 0.107 − 0.034 = 0.244. ನಿಜವಾದ ಬೆಲೆ −620 ÷ 12.5^(11/2), ಅಂದರೆ −0.0006. ಎರಡು ಕಾರಣ.

ಕೊಸೈನ್ ರೂಪ ಬೆಸೆಲ್₁₂ ಫಂಕ್ಷನ್‌ಗೆ ಬದಲಾಗಿ ಬಂದದ್ದು. ಅದರ ವಾದಾಂಕ ಝ ಆದರೆ ಮೊದಲ ತಿದ್ದುಪಡಿಯ ಪ್ರಮಾಣ (4×144 − 1) ÷ 8ಝ, ಅಂದರೆ 575 ÷ 8ಝ. ಕ್ಷ = 12.5, ನ = 1 ಆದಾಗ ಝ = 44.4, ತಿದ್ದುಪಡಿ 1.62. ತಿದ್ದುಪಡಿಯೇ ಮೂಲಕ್ಕಿಂತ ದೊಡ್ಡದು! ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ ಝ ಸುಮಾರು 719, ಅಂದರೆ ಕ್ಷ 3,270 ದಾಟಬೇಕು. ತೂಕ ಹೆಚ್ಚಿದಂತೆ ಈ ಹೊಸ್ತಿಲು ತೂಕದ ನಾಲ್ಕನೇ ಘಾತದಂತೆ ಏರುತ್ತದೆ. ಚಿಕ್ಕ ಕ್ಷಗೆ ಕೊಸೈನ್ ಬಿಟ್ಟು ಬೆಸೆಲ್ ಫಂಕ್ಷನ್ ಅನ್ನೇ ಹಾಕಿ.

ಎರಡನೆಯದು ಪದಗಳ ಸಂಖ್ಯೆ. ಮ ಪದಕ್ಕೆ ನಿಲ್ಲಿಸಿದರೆ ಉಳಿಯುವ ತಪ್ಪು √(ಕ್ಷ/ಮ) ಗಾತ್ರದ್ದು. ಶ್ರೇಣಿ ನಿರಪೇಕ್ಷವಾಗಿ ಅಭಿಸರಿಸುವುದಿಲ್ಲ, ಪದ ಹೆಚ್ಚಿಸಿದರೂ ತೆವಳುತ್ತದೆ. ಪರೀಕ್ಷೆಗೆಂದೇ ಮಾಡುವುದಾದರೆ ಟೌ(ನ) × (ಕ್ಷ − ನ) ಇವುಗಳ ಮೊತ್ತ ತೆಗೆದುಕೊಳ್ಳಿ. ಆಗ ನ^(−3/4) ಇದ್ದದ್ದು ನ^(−5/4) ಆಗುತ್ತದೆ, ನೆಮ್ಮದಿಯಾಗಿ ಅಭಿಸರಿಸುತ್ತದೆ. ಕ್ಷ ಪೂರ್ಣಾಂಕವಾದರೆ ಸೂತ್ರ ಕೊನೆಯ ಪದವನ್ನು ಅರ್ಧ ಮಾತ್ರ ಎಣಿಸುತ್ತದೆ ಎಂಬುದೂ ನೆನಪಿರಲಿ. ನೀವು 12.5 ಆರಿಸಿದ್ದು ಆ ಮಟ್ಟಿಗೆ ಸರಿ.

ಪ್ರಶ್ನೆ: ಟೌ(ನ) × ಇ^(−2ಪೈ ನ/10) ಇವುಗಳ ಮೊತ್ತ ನನ್ನ ಪ್ರೋಗ್ರಾಮ್‌ನಲ್ಲಿ ಸುಮಾರು 10^(−13) ಬರುತ್ತದೆ. ಪದಗಳ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುತ್ತದೆ, ಚಿಹ್ನೆ ಸಹಿತ.

ಉತ್ತರ: ನಿಮಗೆ ಸಿಗುತ್ತಿರುವುದು ಉತ್ತರವಲ್ಲ, ದುಂಡಾಗಿಸುವಿಕೆಯ ಕಸ. ಇಲ್ಲಿ ಸರಿಯುತ್ತರವನ್ನು ಕೈಯಲ್ಲೇ ತೆಗೆಯಬಹುದು. ಮೊತ್ತ ಎಂದರೆ ಐ/10 ಬಿಂದುವಿನಲ್ಲಿ ಡೆಲ್ಟಾ. ಮಾಡ್ಯುಲರ್ ಸಂಬಂಧದಿಂದ ಅದು 10^12 × ಡೆಲ್ಟಾ(10ಐ), ಅಂದರೆ ಬಹುತೇಕ 10^12 × ಇ^(−20ಪೈ) = 5.16 × 10^(−16). ಪದಗಳಾದರೋ ನೂರಾರು: ನ = 8ರದ್ದು +554, 9ರದ್ದು −398, 11ರದ್ದು +533. ಐನೂರರ ಗಾತ್ರದ ಸಂಖ್ಯೆಗಳು ಹದಿನಾರನೇ ದಶಮಾಂಶದವರೆಗೆ ಹೊಡೆದುಹೋಗಬೇಕು. ಸಾಮಾನ್ಯ ಡಬಲ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ 64 ಬಿಟ್ ರೂಪ) ಒಟ್ಟು ಹದಿನಾರು ಅಂಕೆಗಳಷ್ಟೇ ಇವೆ, ಆದ್ದರಿಂದ ಪ್ರತಿ ಪದವೂ 10^(−14)ರಿಂದ 10^(−13)ರ ಕಸ ತರುತ್ತದೆ.

ಮೂವತ್ತೈದು ಅಂಕೆಗಳ ನಿಖರತೆ ಇಟ್ಟು 150 ಪದ ಕೂಡಿ. 100ಕ್ಕೆ ನಿಲ್ಲಿಸಬೇಡಿ. ನೂರನೇ ಪದವೇ ಇನ್ನೂ 1.9 × 10^(−17), ಉತ್ತರದ ಎರಡನೇ ಅಂಕೆಯನ್ನು ಕೆಡಿಸಲು ಅಷ್ಟು ಸಾಕು. ಟೌ ಬೆಲೆಗಳನ್ನು ಡಬಲ್‌ನಲ್ಲಿ ಇಟ್ಟುಕೊಳ್ಳುವುದೂ ಬೇಡ. ನ^(11/2) ಎಂಬುದು ನ = 800ರ ಹೊತ್ತಿಗೆ 2^53 ದಾಟುತ್ತದೆ, 2,800ರ ಸುಮಾರಿಗೆ 64 ಬಿಟ್‌ನ ಪೂರ್ಣಾಂಕವೂ ತುಂಬಿಹೋಗುತ್ತದೆ. ಭಾಜಕಗಳು ಹೆಚ್ಚಿರುವ ಸಂಖ್ಯೆಗಳಲ್ಲಿ ಇನ್ನೂ ಬೇಗ ಆಗಬಹುದು. ತುಂಬಿದ್ದು ಗೊತ್ತಾಗದೆ ಹೋಗುವುದೇ ಅಪಾಯ. ಸುಲಭ ತಪಾಸಣೆ: ಟೌ(ನ) ಮತ್ತು ನದ ಭಾಜಕಗಳ 11ನೇ ಘಾತಗಳ ಮೊತ್ತ, ಇವೆರಡರ ವ್ಯತ್ಯಾಸವನ್ನು 691 ನಿಶ್ಶೇಷವಾಗಿ ಭಾಗಿಸಬೇಕು. ನ = 2ಕ್ಕೆ 2049 + 24 = 2073 = 3 × 691.

ಟೌ ಪಟ್ಟಿ ತಯಾರಿಸಲು 24 ಸಲ ಗುಣಿಸುತ್ತ ಕೂರಬೇಕಿಲ್ಲ. ಯಾಕೋಬಿ ಸೂತ್ರದ ಪ್ರಕಾರ (1−ಕ್ಯೂ^ನ) ಗುಣಲಬ್ಧದ ಘನದಲ್ಲಿ 1, −3, 5, −7, … ಎಂಬ ಸಹಗುಣಕಗಳು 0, 1, 3, 6, … ಎಂಬ ತ್ರಿಕೋನ ಸಂಖ್ಯೆಗಳ ಜಾಗದಲ್ಲಿ ಮಾತ್ರ ಇರುತ್ತವೆ. ಅದನ್ನು ಮೂರು ಸಲ ವರ್ಗ ಮಾಡಿದರೆ 24ನೇ ಘಾತ ಸಿಕ್ಕಿತು. ಒಂದೊಂದೇ ಬೆಲೆ ಬೇಕಾದವರಿಗೆ ಪಾರಿ-ಜಿಪಿ ಎಂಬ ಸಂಖ್ಯಾ ಸಿದ್ಧಾಂತದ ಸಾಫ್ಟ್‌ವೇರ್‌ನಲ್ಲಿ ಸಿದ್ಧ ಆಜ್ಞೆಯೇ ಇದೆ.

ಹಿಂದಿನ ಉತ್ತರಗಳ ಜೊತೆ ಇದನ್ನು ಇಟ್ಟು ನೋಡಿ. ಅಂಚು ನಯವಾದ ಕೂಡಲೇ ಮೊತ್ತ ಕ್ಷದ ಯಾವ ಋಣ ಘಾತಕ್ಕಿಂತಲೂ ಚಿಕ್ಕದಾಗುತ್ತದೆ. ಎಲ್-ಫಂಕ್ಷನ್‌ಗೆ ಧ್ರುವವಿಲ್ಲವಾದ್ದರಿಂದ ರೇಖೆಯನ್ನು ಎಡಕ್ಕೆ ಎಷ್ಟು ಬೇಕಾದರೂ ತಳ್ಳಬಹುದು. 1/3, 1/4ರ ಗಲಾಟೆಯೆಲ್ಲ ಹರಿತವಾಗಿ ಕತ್ತರಿಸಿದ ಅಂಚಿನದು.

ಪ್ರಶ್ನೆ: ಲ(ನ)ದ ವರ್ಗಗಳ ಮೊತ್ತಕ್ಕೆ ತಪ್ಪಿನ ಘಾತ 3/5 ಏಕೆ?

ಉತ್ತರ: ವರ್ಗಗಳಲ್ಲಿ ಚಿಹ್ನೆ ಇಲ್ಲ, ಹಾಗಾಗಿ ಸ್ಥಿರಾಂಕ × ಕ್ಷ ಎಂಬ ಮುಖ್ಯ ಪದ ಬರುತ್ತದೆ. ರಾಂಕಿನ್–ಸೆಲ್ಬರ್ಗ್ ಎಲ್-ಫಂಕ್ಷನ್‌ಗೆ (ಲ(ನ)ದ ವರ್ಗಗಳಿಂದ ಕಟ್ಟಿದ್ದು) 1ರಲ್ಲಿರುವ ಧ್ರುವದ ಕೊಡುಗೆ ಅದು. ತಪ್ಪಿಗೆ ಲ್ಯಾಂಡೌ ಅವರ ಲೆಕ್ಕ ನೆನಪಿಟ್ಟರೆ ಸಾಕು: ಎಲ್-ಫಂಕ್ಷನ್‌ನ ದರ್ಜೆ (ಪ್ರತಿ ಅವಿಭಾಜ್ಯಕ್ಕೆ ಬರುವ ಅಂಶಗಳ ಎಣಿಕೆ) ದ ಆದರೆ ಘಾತ (ದ−1)/(ದ+1). ದರ್ಜೆ 2ಕ್ಕೆ 1/3, ದರ್ಜೆ 4ಕ್ಕೆ 3/5. 1939ರಲ್ಲಿ ರಾಂಕಿನ್ ಕೊಟ್ಟ ಈ 3/5 ಎಂಟು ದಶಕ ಅಲುಗಲಿಲ್ಲ. 2021ರಲ್ಲಿ ಬಿಂಗ್ರೊಂಗ್ ಹುವಾಂಗ್ ಅದನ್ನು ಸುಮಾರು 1/560ರಷ್ಟು ಇಳಿಸಿದರು.

ಪ್ರಶ್ನೆ: ನ ಸಂಖ್ಯೆಗಳು ಒಂದು ಸಮಾಂತರ ಶ್ರೇಢಿಯಲ್ಲಿ ಮಾತ್ರ ಇದ್ದರೆ?

ಉತ್ತರ: ಶ್ರೇಢಿಯ ಷರತ್ತನ್ನು ಇ^(2ಪೈ ಐ ಅ ನ/ಸ) ರೀತಿಯ ಪದಗಳಾಗಿ ಬಿಡಿಸಿ, ಪ್ರತಿ ಅ/ಸ ಭಿನ್ನರಾಶಿಗೆ ಬೇರೆಬೇರೆಯಾಗಿ ವೊರೊನೊಯ್ ಹಾಕಿ. ಭಿನ್ನರಾಶಿಯನ್ನು ಮೊದಲು ಸಂಕ್ಷೇಪಿಸಿಕೊಳ್ಳಿ, ಛೇದ ನಿಜವಾಗಿ ಎಷ್ಟೋ ಅದೇ ಸ. ಬಲಗಡೆ ಅ ಇದ್ದಲ್ಲಿ ಅದರ ವಿಲೋಮವು (ಸಗೆ ಸಂಬಂಧಿಸಿ) ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ, ಬೆಸೆಲ್ ಒಳಗೆ ಸ ಛೇದವಾಗುತ್ತದೆ, ಹೊರಗೆ 1/ಸ. ಉಳಿಯುವ ಉದ್ದ ಸ^2 × ಕ್ಷ/ಯ^2. ಮೊದಲಿನಂತೆಯೇ ತೂಗಿದರೆ ಯ = ಸ^(2/3) × ಕ್ಷ^(1/3), ಅದೇ ಮಿತಿ.

ಆದರೆ ಸ > ಕ್ಷ^(1/4) ಆದ ಕ್ಷಣ ಈ ಮಿತಿ ಕ್ಷ^(1/2) ದಾಟಿಬಿಡುತ್ತದೆ. ಆಗ ವೊರೊನೊಯ್ ಬಿಟ್ಟು ವಿಲ್ಟನ್ ಮಿತಿಗೆ ಬರಬೇಕು, ಅದಕ್ಕೆ ಸ ಎಷ್ಟಿದ್ದರೂ ಚಿಂತೆಯಿಲ್ಲ. ಮಾಡಿದ ಲೆಕ್ಕವನ್ನೆಲ್ಲ ವ್ಯರ್ಥ ಮಾಡುವ ಸಾಮಾನ್ಯ ತಪ್ಪು ಎಂದರೆ ಡೆಲ್ಟಾದ ಸೂತ್ರವನ್ನು ಮೇಲಿನ ಲೆವೆಲ್‌ನ ರೂಪಕ್ಕೆ (ಮಾಡ್ಯುಲರ್ ಗುಂಪಿನ ಒಂದು ಭಾಗಕ್ಕೆ ಮಾತ್ರ ಸಮಮಿತಿ ಇರುವ ರೂಪ; ಡೆಲ್ಟಾದ ಲೆವೆಲ್ 1) ಹಾಗೆಯೇ ಅಂಟಿಸುವುದು. ಸ ಮತ್ತು ಲೆವೆಲ್ ಇವುಗಳ ಮಹತ್ತಮ ಸಾಮಾನ್ಯ ಭಾಜಕ ನೋಡದೆ ಸೂತ್ರ ಬರೆಯುವಂತಿಲ್ಲ.

ಪ್ರಶ್ನೆ: ತೂಕ 12ರ ಐಸೆನ್‌ಸ್ಟೈನ್ ಶ್ರೇಣಿಗೂ (ಕಸ್ಪ್ ರೂಪವಲ್ಲದ ಮಾಡ್ಯುಲರ್ ರೂಪ) ಇದೇ ವಿಧಾನ ನಡೆಯುತ್ತದೆಯೇ?

ಉತ್ತರ: ಮುಖ್ಯ ಪದವನ್ನು ಬೇರೆಯಾಗಿ ತೆಗೆದ ಮೇಲೆ ಮಾತ್ರ. ಅಲ್ಲಿ ಸಹಗುಣಕಗಳು ಭಾಜಕಗಳ 11ನೇ ಘಾತಗಳ ಮೊತ್ತ, ಎಲ್ಲವೂ ಧನ, ಗಾತ್ರವೂ ನ^(11/2) ಅಲ್ಲ, ನ^11. ಎಲ್-ಫಂಕ್ಷನ್ ಎರಡು ರೀಮಾನ್ ಜೀಟಾ ಫಂಕ್ಷನ್‌ಗಳ ಗುಣಲಬ್ಧ, ಧ್ರುವ ಇದೆ. ಕೈಗೆ ಸಿಕ್ಕ ರೂಪ ಕಸ್ಪ್ ರೂಪವೋ ಅಲ್ಲವೋ ಎಂದು ಮೊದಲು ಸ್ಥಿರ ಪದ ನೋಡಿ. ಲೆವೆಲ್ 1ಕ್ಕಿಂತ ಹೆಚ್ಚಿದ್ದರೆ ಎಲ್ಲ ಕಸ್ಪ್‌ಗಳಲ್ಲೂ ನೋಡಬೇಕು, ಅನಂತದಲ್ಲಿ ಸೊನ್ನೆ ಇದ್ದರೆ ಸಾಲದು.

ಪ್ರಶ್ನೆ: ಅವಿಭಾಜ್ಯಗಳ ಮೇಲೆ ಮಾತ್ರ ಲ(ಪ) ಕೂಡಿದರೂ ಕ್ಷ^(1/3) ನಿರೀಕ್ಷಿಸಬಹುದೇ?

ಉತ್ತರ: ಇಲ್ಲ. ಅಲ್ಲಿ ವೊರೊನೊಯ್ ಕೆಲಸಕ್ಕೆ ಬರುವುದಿಲ್ಲ, ಎಲ್-ಫಂಕ್ಷನ್‌ನ ಸೊನ್ನೆಗಳು ಅಡ್ಡ ಬರುತ್ತವೆ. ಸಾಧಿತವಾಗಿರುವುದು ಕ್ಷ × ಇ^(−ಸ್ಥಿರಾಂಕ × √ಲಾಗ್ ಕ್ಷ) ಮಟ್ಟದ ಉಳಿತಾಯ, ಘಾತದಲ್ಲಿ ಏನೂ ಇಳಿದಿಲ್ಲ. ಡೆಲ್ಟಾದ ಎಲ್-ಫಂಕ್ಷನ್‌ಗೆ ರೀಮಾನ್ ಊಹೆ (ಮುಖ್ಯ ಸೊನ್ನೆಗಳೆಲ್ಲ ನಡುಗೆರೆಯ ಮೇಲಿವೆ ಎಂಬ ಊಹೆ) ಒಪ್ಪಿಕೊಂಡರೂ, ಲಾಗ್ ಪ ತೂಕ ಹಾಕಿ ಕೂಡಿದಾಗ ಸಿಗುವುದು ಕ್ಷ^(1/2) × (ಲಾಗ್ ಕ್ಷ)^2.